ತಾಳಕ್ಕೆ ಕೂರುವ ನಾಯಿ

ನಮ್ಮ ಸೋದರಮಾವನ ಶಿಷ್ಯರಲ್ಲೆಲ್ಲ ತಾಳಜ್ಞಾನ ಚೆನ್ನಾಗಿದ್ದದ್ದು ಒಂದು ನಾಯಿಗೆ. ನೀವು ನಗಬಹುದು. ವರ್ಷಗಟ್ಟಲೆ ಅವರ ಹತ್ತಿರವೇ ಸಂಗೀತ ಕಲಿತ ನನಗೆ ಈ ಮಾತು ಬರೆಯಲು ಎಷ್ಟು ಕಷ್ಟವಾಗಿರಬೇಡ!

ಮಾವ ಚಾಮರಾಜಪೇಟೆಯ ಒಂದು ವಠಾರದಲ್ಲಿ ಬಾಡಿಗೆಗಿದ್ದ ಸಂಗೀತದ ಮೇಷ್ಟ್ರು. ಮನೆಗಳಿಗೆ ಟಿ.ವಿ. ಇನ್ನೂ ಬಾರದ ಎಪ್ಪತ್ತರ ದಶಕ. ಒಂದು ಬೆಳಿಗ್ಗೆ ಬೂದುಗುಂಬಳಕಾಯಿ ತರಲು ಕಲಾಸಿಪಾಳ್ಯಕ್ಕೆ ಹೋದವರು ಕಂದು ಬಣ್ಣದ ನಾಯಿಮರಿಯೊಂದನ್ನು ಎತ್ತಿಕೊಂಡು ಬಂದರು. ಆ ಗಡಿಬಿಡಿಯಲ್ಲಿ ಕುಂಬಳಕಾಯಿ ಅಂಗಡಿಯಲ್ಲೇ ಉಳಿದಿತ್ತು. ಬಾಗಿಲಲ್ಲಿ ನಿಂತ ಅತ್ತೆ ಮರಿಯನ್ನು ನೋಡಿದರು, ಖಾಲಿ ಚೀಲವನ್ನು ನೋಡಿದರು.

“ರೀ, ಮಜ್ಜಿಗೆಹುಳಿಗೆ ಏನು ಹಾಕ್ಲಿ? ಇದನ್ನಾ?”

ಮಾವ ಅದಕ್ಕೆ ಕಾಂಭೋಜಿ ಎಂದು ರಾಗದ ಹೆಸರಿಟ್ಟರು. ಮಕ್ಕಳಿಲ್ಲದ ಮನೆ. ಒಂದು ವಾರ ಕಳೆಯುವುದರೊಳಗೆ ಗೊಣಗುತ್ತಿದ್ದ ಅತ್ತೆಯೇ ಅದಕ್ಕೆ ಹಾಲನ್ನ ಕಲಸಿಡತೊಡಗಿದ್ದರು.

ತೊಂದರೆ ಒಂದೇ. ಮುಂದಿನ ಮನೆಯಲ್ಲಿದ್ದ ಓನರ್ ತಾಯಿ ಬೆಳಿಗ್ಗೆ ತುಳಸಿಕಟ್ಟೆಗೆ ಬಂದರೆ ಸಾಕು, ಕಾಂಭೋಜಿ ಬೊಗಳಿ ಬೊಗಳಿ ವಠಾರವನ್ನೇ ಎಬ್ಬಿಸುತ್ತಿತ್ತು. ಪಾಪ, ಆ ಮುದುಕಿ ಪೂಜೆ ಅರ್ಧಕ್ಕೇ ಬಿಟ್ಟು ಒಳಗೆ ಓಡುತ್ತಿದ್ದರು. ಒಂದು ದಿನ ಓನರ್ ಬಂದು ನಿಂತರು.

“ಮೇಷ್ಟ್ರೇ, ಯುಗಾದಿಯೊಳಗೆ ಅದಕ್ಕೆ ಬುದ್ಧಿ ಕಲಿಸಿ. ಆಗ್ಲಿಲ್ಲ ಅಂದ್ರೆ ನಾಯಿ ಇಲ್ಲಿರೋ ಹಾಗಿಲ್ಲ, ನೋಡಿ.”

ಮಾವ ಆ ದಿನ ಸರಿಯಾಗಿ ಊಟ ಮಾಡಲಿಲ್ಲ. ಮಿಲಿಟರಿಯಿಂದ ರಿಟೈರ್ ಆಗಿದ್ದ ಪಕ್ಕದ ಮನೆಯವರು ಸಲಹೆ ಕೊಟ್ಟರು: “ಸಿಟ್, ಸ್ಟೇ ಅಂತ ಇಂಗ್ಲಿಷ್‌ನಲ್ಲಿ ಹೇಳ್ಬೇಕು ಸ್ವಾಮಿ. ನಾಯಿಗೆ ಅರ್ಥ ಆಗೋದು ಅದೇ.”

“ಇದು ಹುಟ್ಟಿದ್ದು ಕಲಾಸಿಪಾಳ್ಯದ ಬಸ್ ಸ್ಟ್ಯಾಂಡಲ್ಲಿ. ಇಂಗ್ಲಿಷ್ ಎಲ್ಲಿಂದ ಬರತ್ತೆ?” ಎಂದರು ಮಾವ. “ನಾನು ತಾಳದಲ್ಲಿ ಕಲಿಸ್ತೀನಿ.”

ಕಲಿಸಿಯೇಬಿಟ್ಟರು! ಅಂಗೈ ತೊಡೆಗೆ ಬಿದ್ದರೆ ಕೂರಬೇಕು. ಅಂಗೈ ಮಗುಚಿದರೆ ಏಳಬೇಕು. ಬೆರಳು ಎಣಿಸುತ್ತಿರುವಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರಬೇಕು. ಸರಿಯಾಗಿ ಮಾಡಿದರೆ ಒಂದು ಚೂರು ಕೋಡುಬಳೆ. ನಿಧಾನಗತಿಯಲ್ಲಿ ಪಾಠ ಒಪ್ಪಿಸುವ ತನಕ ಮುಂದಿನ ಪಾಠವಿಲ್ಲ, ಊಟವೂ ಇಲ್ಲ. ಇದನ್ನು ಕೇಳಿದ ಅತ್ತೆ ತಟ್ಟೆ ಹಿಡಿದು ಬಂದರು. “ಇಷ್ಟು ವರ್ಷದಲ್ಲಿ ನೀವು ಒಂದು ದಿನವಾದ್ರೂ ಹೇಳಿದ ಸಾಮಾನು ಸರಿಯಾಗಿ ತಂದಿದೀರಾ? ನಾನು ಊಟ ಹಾಕದೆ ಬಿಟ್ಟಿದೀನಾ?” ಅಂದಿನಿಂದ ಊಟದ ನಿಯಮ ಸಡಿಲವಾಯಿತು.

ಈ ಪಾಠದ ಫಲ ಅನುಭವಿಸಿದವರು ನಾವು ಶಿಷ್ಯರು. ನಾವು ತಾಳ ಹಾಕುತ್ತಾ ಹಾಡಲು ಕೂತರೆ ಎದುರಿಗೆ ಕಾಂಭೋಜಿ ಕೂತು, ಎದ್ದು, ಕೂತು, ಎದ್ದು… ಅಂಗೈ ಬೇಗಬೇಗ ಮಗುಚುವ ರೂಪಕತಾಳದ ದಿನವಂತೂ ಅದಕ್ಕೆ ಬಸ್ಕಿ ಹೊಡೆದಷ್ಟು ಸುಸ್ತು! ಅದಾದರೂ ಸಹಿಸಬಹುದಿತ್ತು. ಯಾರಾದರೂ ತಾಳ ತಪ್ಪಿದರೆ ಮಾವ “ತಪ್ಪು!” ಎಂದು ಗದರುವುದು ರೂಢಿ. ಕಾಂಭೋಜಿಯೂ ಜೊತೆಗೆ ಬೊಗಳತೊಡಗಿತು. ಆಮೇಲಾಮೇಲೆ ಮಾವನಿಗಿಂತ ಮೊದಲೇ ಬೊಗಳುತ್ತಿತ್ತು. ಕಾಲೇಜಿಗೆ ಹೋಗುವ ಹುಡುಗಿ ನಾನು, ದಿನಾ ನಾಯಿಯಿಂದ ಬೈಸಿಕೊಳ್ಳುವುದೆಂದರೆ ಮಾನ ಉಳಿಯುತ್ತದೆಯೇ?

ಯುಗಾದಿ ಬಂತು. ಬೆಳಿಗ್ಗೆ ವಠಾರವೆಲ್ಲ ಬಾಗಿಲಿಗೆ ಬಂದು ನಿಂತಿತ್ತು. ಓನರ್ ತಾಯಿ ಹೂವಿನ ಬುಟ್ಟಿ ಹಿಡಿದು ಅಂಗಳಕ್ಕೆ ಇಳಿದರು. ಮಾವನ ಅಂಗೈ ತೊಡೆಗೆ ಬಿತ್ತು. ಕಾಂಭೋಜಿ ಕೂತಿತು. ಮಾವ ಬೆರಳು ಎಣಿಸುತ್ತಲೇ ಇದ್ದರು, ಅದು ಉಸಿರೆತ್ತಲಿಲ್ಲ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಮುದುಕಿಗೂ ಧೈರ್ಯ ಬಂತು. ನಾಯಿಯ ಹೆದರಿಕೆಯಿಂದ ನಿಂತೇ ಹೋಗಿದ್ದ ದೇವರನಾಮವನ್ನು ಚಪ್ಪಾಳೆ ತಟ್ಟುತ್ತಾ ಹಾಡತೊಡಗಿದರು. ಎರಡನೇ ಸಾಲಿಗೆ ಬರುವಷ್ಟರಲ್ಲಿ ಚಪ್ಪಾಳೆ ಒಂದು ಕಡೆ, ಹಾಡು ಒಂದು ಕಡೆ. ಕಾಂಭೋಜಿ ಬೊಗಳಿತು.

“ಯಾಕೆ ಬೊಗಳ್ತು ಮೇಷ್ಟ್ರೇ?” ಓನರ್ ಮುಖ ಕೆಂಪಾಗಿತ್ತು.

ಕಾಗೆ ಕಂಡಿತು, ಬೆಕ್ಕು ಕಂಡಿತು ಎಂದು ಏನಾದರೂ ಹೇಳಬಾರದೇ! ತಾಳದ ವಿಷಯದಲ್ಲಿ ಸುಳ್ಳು ಹೇಳುವುದು ಮಾವನಿಂದ ಆಗದ ಕೆಲಸ.

“ಅಮ್ಮನಿಗೆ ತಾಳ ತಪ್ಪಿತು,” ಎಂದರು ತಲೆ ತಗ್ಗಿಸಿ. “ಇದರ ತಪ್ಪೇನಿಲ್ಲ, ಕಲಿಸಿದವನು ನಾನು. ಇವತ್ತೇ ಎಲ್ಲಾದ್ರೂ ಬಿಟ್ಬರ್ತೀನಿ.”

ಬಗ್ಗಿ ಕಾಂಭೋಜಿಯನ್ನು ಎತ್ತಿಕೊಂಡರು. ಅವರ ಕಣ್ಣಲ್ಲಿ ನೀರಿತ್ತು.

“ನಿಲ್ಲಿ ಮೇಷ್ಟ್ರೇ,” ಎಂದರು ಮುದುಕಿ. ಮಗನ ಕಡೆ ತಿರುಗಿದರು. “ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಹಾಡ್ತಿದೀನಿ ಕಣೋ. ಚೆನ್ನಾಗಿದೆ ಅಂತಲೋ ಕೆಟ್ಟದಾಗಿದೆ ಅಂತಲೋ ನಿಮ್ಮಪ್ಪ ಹೇಳಿದ್ರಾ? ನೀನು ಹೇಳಿದೀಯಾ? ಈ ನಾಯಿ ಒಂದೇ ಕಿವಿಗೊಟ್ಟು ಕೇಳಿದ್ದು.” ಆಮೇಲೆ ಮೆಲ್ಲಗೆ, “ಎಲ್ಲಿ ತಪ್ಪಿದೆ ಮೇಷ್ಟ್ರೇ? ಈ ವಯಸ್ಸಲ್ಲಿ ಹೇಳ್ಕೊಟ್ರೆ ಬರತ್ತಾ?”

ಓನರ್ ಒಳಗೆ ಹೋಗಿ ತಾಯಿಗೊಂದು ಮಣೆ ತಂದಿಟ್ಟರು. ನಾಯಿಯ ಮಾತು ಎತ್ತಲಿಲ್ಲ.

ಮಾವ ನೆಲದ ಮೇಲೆ ಕೂತು ನಿಧಾನವಾಗಿ ತಾಳ ಹಾಕಿದರು. ಮುದುಕಿ ಮತ್ತೆ ಹಾಡಿದರು. ಮತ್ತೆ ಅದೇ ಜಾಗದಲ್ಲಿ ತಪ್ಪಿತು. ಕಾಂಭೋಜಿ ಕಿವಿ ನಿಮಿರಿಸಿ ಮಾವನ ಮುಖ ನೋಡಿತು. ಮಾವ ಅದರ ಬೆನ್ನ ಮೇಲೆ ಕೈಯಿಟ್ಟು, ಅಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರದ ಮೆತ್ತಗಿನ ದನಿಯಲ್ಲಿ ಹೇಳಿದರು:

“ಇರ್ಲಿ ಬಿಡು, ಕಲೀತಾರೆ.”