ಫರ್ನಿಚರ್ ಮೇಳಕ್ಕೆ ಹೋದ ಮುದ್ದೆ ಕೋಲು

ನಾನು ಕೊಳ್ಳೇಗಾಲದಲ್ಲಿ ಮನೆಗಳ ಇಂಟೀರಿಯರ್ ಕೆಲಸ ಮಾಡುತ್ತೇನೆ. ಹೀಗಂದರೆ ಊರಿನ ಅರ್ಧ ಜನಕ್ಕೆ ಪೇಂಟ್ ಹೊಡೆಸುವವಳು ಅಂತ, ಇನ್ನರ್ಧ ಜನಕ್ಕೆ ಕರ್ಟನ್ ಹೊಲಿಯುವವಳು ಅಂತ ಅರ್ಥ. ತಿದ್ದಿ ತಿದ್ದಿ ಸಾಕಾಗಿ ಈಗ ಎರಡಕ್ಕೂ ಹೂಂ ಅನ್ನುತ್ತೇನೆ. ಈ ಕಸುಬಿನಲ್ಲಿ ವಾರಕ್ಕೊಂದು ಸಲವಾದರೂ ನಗುವಂಥದ್ದು ಏನಾದರೂ ಆಗಿಯೇ ಆಗುತ್ತದೆ. ತೊಂದರೆ ಒಂದೇ, ಆಗುವ ಹೊತ್ತಿನಲ್ಲಿ ನನಗೊಬ್ಬಳಿಗೆ ಮಾತ್ರ ನಗು ಬಂದಿರುವುದಿಲ್ಲ.

ಹನೂರಿನ ಬೆಕ್ಕು

ಹನೂರಿನಲ್ಲಿ ಒಬ್ಬ ನಿವೃತ್ತ ಮೇಷ್ಟರ ಮನೆಗೆ ಫಾಲ್ಸ್ ಸೀಲಿಂಗ್ ಮಾಡಿಸಿದ್ದೆ. ತಿಂಗಳು ಕಳೆಯಿತೋ ಇಲ್ಲವೋ, ಬೆಳಗ್ಗೆ ಆರಕ್ಕೇ ಫೋನು.

"ಮೇಡಂ, ನಿಮ್ ಸೀಲಿಂಗ್ ಒಳಕ್ಕೆ ಇಲಿ ಓಗ್ಯದೆ."

"ಸಾರ್, ಇಲಿ ನಾನು ಬಿಟ್ಟಿದ್ದಲ್ಲ."

"ಇಲಿ ನಿಮ್ದಲ್ಲ, ಒಪ್ತೀನಿ. ಅದು ಓಡಾಡೋ ಜಾಗ ನಿಮ್ದಲ್ವಾ?"

ಮೇಷ್ಟರ ಜೊತೆ ವಾದ ಮಾಡಿ ಗೆದ್ದವರಿಲ್ಲ. ಕೆಲಸದವರನ್ನು ಕಳಿಸುತ್ತೇನೆ, ಎರಡು ದಿನ ತಾಳಿ ಎಂದೆ. ಅವರು ತಾಳಲಿಲ್ಲ. ದೀಪದ ಪಕ್ಕದ ಒಂದು ಹಲಗೆ ಬಿಚ್ಚಿ ಮನೆಯ ಬೆಕ್ಕನ್ನೇ ಮೇಲೆ ಹತ್ತಿಸಿದರು. ಮಾರನೆಯ ದಿನ ಮತ್ತೆ ಆರಕ್ಕೇ ಫೋನು.

"ಮೇಡಂ, ಇಲಿ ಇಳೀತು. ಬೆಕ್ಕು ಇಳೀತಿಲ್ಲ."

ಮಾಂಬಳ್ಳಿಯ ಮನೆ

ಆ ಬೆಕ್ಕು ಹಾಲು ಕುಡಿಯಲು ಮಾತ್ರ ಇಳಿದು ಮತ್ತೆ ಹತ್ತುತ್ತಿತ್ತಂತೆ. ಆದರೆ ಅದರ ಸುದ್ದಿ ಒಂದೇ ದಿನದಲ್ಲಿ ಹನೂರಿನಿಂದ ಇಳಿದು ಮಾಂಬಳ್ಳಿಗೆ ಬಂತು. ಅಲ್ಲಿ ಮೇಷ್ಟರ ನೆಂಟರೊಬ್ಬರು ಹೊಸ ಮನೆ ಕಟ್ಟಿಸುತ್ತಿದ್ದರು. ಕಬ್ಬು, ಬಾಳೆ ಬೆಳೆಯುವವರು. ಅವರನ್ನು ನಾನು ಅಣ್ಣ ಎನ್ನುತ್ತಿದ್ದೆ. ಅವರ ಮನೆಯ ಮರಗೆಲಸವೆಲ್ಲ, ಅಡುಗೆಮನೆಯೂ ಸೇರಿ, ನನಗೇ ಎಂದು ಹೆಚ್ಚುಕಮ್ಮಿ ಮಾತಾಗಿತ್ತು. ಬೆಕ್ಕಿನ ಸುದ್ದಿ ಕೇಳಿದ ಮೇಲೆ ಅಣ್ಣನ ದನಿ ಬದಲಾಯಿತು.

"ಬೆಂಗಳೂರಲ್ಲಿ ಫರ್ನಿಚರ್ ಮೇಳ ನಡೀತಾ ಅದಂತಲ್ಲ ಮೇಡಂ. ಓಗಿ ನೋಡ್ಬುಡವ. ರೆಡಿಮೇಡ್ ಅಡ್ಗೆಮನೆ ಚೆಂದಾಗಿದ್ರೆ ಅದ್ನೇ ಆಕ್ಸಿಬುಡ್ತೀನಿ. ಬೇಜಾರ್ ಮಾಡ್ಕಬೇಡಿ."

ಬೇಜಾರು ಆಗದೆ ಇರುತ್ತದೆಯೇ? ಆ ವರ್ಷ ಬೇರೆ ದೊಡ್ಡ ಕೆಲಸ ಇರಲಿಲ್ಲ. ನನಗಿಂತ ಹೆಚ್ಚಾಗಿ ನಮ್ಮ ಯಳಂದೂರಿನ ಆಚಾರ್ರು ಈ ಮನೆಯನ್ನೇ ನಂಬಿ ಬೇರೆ ಎರಡು ಕೆಲಸ ಬಿಟ್ಟಿದ್ದರು. ನಾನು ಕಂಪ್ಯೂಟರಿನಲ್ಲಿ ಬರೆದದ್ದನ್ನು ಹನ್ನೊಂದು ವರ್ಷದಿಂದ ಮರದಲ್ಲಿ ಮಾಡಿ ಕೊಡುತ್ತಿರುವವರು ಅವರು. ಅಣ್ಣ ಮೇಳದಲ್ಲಿ ಒಂದು ಸಹಿ ಹಾಕಿದರೆ ಇಬ್ಬರೂ ಮನೆಯಲ್ಲಿ ನೊಣ ಹೊಡೆಯಬೇಕು. ಆದರೂ ನಗುನಗುತ್ತಾ, "ಆಗಲಿ ಅಣ್ಣ, ನಾವೂ ಬರ್ತೀವಿ" ಎಂದೆ. ಆಚಾರ್ರು ನಗಲಿಲ್ಲ.

ಅಣ್ಣನ ತಾಯಿಯೂ ಹೊರಟರು. ಅವರನ್ನು ಎಲ್ಲರೂ ಅವ್ವ ಎಂದೇ ಕರೆಯುವುದು. ಸೊಸೆ ಶಾಲೆಯಲ್ಲಿ ಟೀಚರು, ಬೆಳಗ್ಗೆ ಅನ್ನ ಸಾರು ಮಾಡಿಟ್ಟು ಹೋಗುತ್ತಾರೆ. ಮುದ್ದೆ ಮಾತ್ರ ಅವ್ವನ ಖಾತೆ, ಅದನ್ನು ಯಾರಿಗೂ ಬಿಟ್ಟುಕೊಟ್ಟವರಲ್ಲ. ನಾನು ಫೋನಿನಲ್ಲಿ ಅವ್ವನಿಗೆ ಒಂದು ಮಾತು ಹೇಳಿದ್ದೆ: "ಅವ್ವಾ, ನಿಮ್ಮ ಪಾತ್ರೆ ಪಡಗದ ಅಳತೆ ಬೇಕು, ಬರ್ತಾ ತಗೊಂಡು ಬನ್ನಿ." ಚೀಟಿಯಲ್ಲಿ ಬರೆಸಿ ತರುತ್ತಾರೆ ಎಂದುಕೊಂಡಿದ್ದೆ.

ಮೇಳದ ಬಾಗಿಲಲ್ಲಿ ಸೆಕ್ಯುರಿಟಿಯವನು ಅವ್ವನ ಚೀಲ ತೆಗೆಸಿದ. ಒಳಗಿನಿಂದ ಒಂದು ಅಲ್ಯೂಮಿನಿಯಂ ತಪ್ಪಲೆ ಬಂತು. ಅದರ ಹಿಂದೆ ಎರಡೂವರೆ ಅಡಿಯ ಮುದ್ದೆ ಕೋಲು.

"ಇದೇನಮ್ಮಾ, ದೊಣ್ಣೆ?"

"ಅಳತೆ ಕಣಪ್ಪ."

"ಅಳತೆನಾ?"

"ಊಂ. ಈ ಮೇಡಮ್ಮು ಅಳತೆ ತಕಂಬಾ ಅಂದ್ಳು, ತಕಂಡ್ ಬಂದಿವ್ನಿ."

ನಾನು ತಲೆ ಮೇಲೆ ಕೈ ಇಟ್ಟುಕೊಂಡು, "ಚೀಟೀಲಿ ಬರೆಸ್ಕೊಂಡು ಬರೋದಲ್ವಾ ಅವ್ವಾ?" ಎಂದೆ.

"ಚೀಟಿ ಕಳ್ದೋಯ್ತದೆ. ತಪ್ಪಲೆ ಕಳ್ದೋದದಾ?"

ಹಿಂದೆ ಸಾಲು ಬೆಳೆಯುತ್ತಿತ್ತು. ಸೆಕ್ಯುರಿಟಿಯವನು ರಿಜಿಸ್ಟರ್ ತೆಗೆದು ಯೋಚಿಸಿ ಬರೆದ: "ಅಳತೆಗೋಲು – ಒಂದು."

ಮೆಟ್ಟು

ಮೊದಲು ಸಿಕ್ಕಿದ್ದು ಒಂದು ಮಾದರಿ ಮಲಗುವ ಕೋಣೆ. ಮಂಚ, ಹಾಸಿಗೆ, ಪಕ್ಕದಲ್ಲಿ ದೀಪ, ಗೋಡೆಗೆ ಯಾರದೋ ಮದುವೆ ಫೋಟೋ ಸಹ. ಅವ್ವ ಹೊರಗೇ ಮೆಟ್ಟು ಬಿಟ್ಟರು.

"ಬಿಡೋದು ಬೇಡಮ್ಮಾ, ಹಾಗೇ ಬನ್ನಿ" ಎಂದಳು ಅಂಗಡಿಯ ಹುಡುಗಿ.

"ಮನಗೋ ಕೋಣೆಗೆ ಮೆಟ್ಟಾಕಂಡ್ ಓದಾರಾ ಮಗ?"

ಅವ್ವ ಬಿಟ್ಟರು ಅಂತ ಅಣ್ಣ ಬಿಟ್ಟರು, ಅಣ್ಣ ಬಿಟ್ಟರು ಅಂತ ಆಚಾರ್ರು ಬಿಟ್ಟರು, ನಾನೊಬ್ಬಳು ಬಿಡದಿದ್ದರೆ ಮರ್ಯಾದೆಯೇ ಅಂತ ನಾನೂ ಬಿಟ್ಟೆ. ಒಳಗೆ ಹಾಸಿಗೆ ಒತ್ತಿ ನೋಡಿ, ಫೋಟೋದಲ್ಲಿರುವ ಗಂಡು ಹೆಣ್ಣು ಯಾವೂರವರು ಎಂದು ಅವ್ವ ವಿಚಾರಿಸಿ, ಹೊರಗೆ ಬಂದು ನೋಡುತ್ತೇವೆ, ನಮ್ಮ ನಾಲ್ಕು ಜೊತೆಯ ಪಕ್ಕ ಇಪ್ಪತ್ತು ಜೊತೆ ಚಪ್ಪಲಿ, ಬೂಟು. ನಮ್ಮದನ್ನು ನೋಡಿ ಬಂದವರೆಲ್ಲ ಬಿಟ್ಟಿದ್ದರು. ಒಬ್ಬ ಹೆಂಗಸು ನನ್ನನ್ನು ಮೆಲ್ಲಗೆ ಕೇಳಿದರು, "ಒಳಗೆ ಯಾವ ದೇವರು?"

ಸತ್ಯವಂತ ಆಚಾರ್ರು

ನಮ್ಮ ಆಚಾರ್ರಿಗೆ ಯಾವ ಮರದ ಸಾಮಾನು ಕಂಡರೂ ಮೇಲೆ ನೋಡುವ ಅಭ್ಯಾಸವಿಲ್ಲ. ಬೆರಳ ಗೆಣ್ಣಿನಿಂದ ಎರಡು ಸಲ ಬಡಿಯುತ್ತಾರೆ, ಆಮೇಲೆ ಕೆಳಗೆ ತೂರಿ ಹೊಟ್ಟೆ ನೋಡುತ್ತಾರೆ. ಕಿವಿಯಲ್ಲಿ ಪೆನ್ಸಿಲ್, ಜೇಬಿನಲ್ಲಿ ಟೇಪು. ಹೀಗಿದ್ದ ಮೇಲೆ ಜನ ಅವರನ್ನು ಅಂಗಡಿಯವರೇ ಎಂದುಕೊಂಡರು. ಯಾರೋ ದಂಪತಿ ಒಂದು ಹೊಳೆಯುವ ವಾರ್ಡ್‌ರೋಬ್ ತೋರಿಸಿ ಕೇಳಿದರು:

"ಇದು ಹೇಗೆ, ಬಾಳಿಕೆ ಬರುತ್ತಾ?"

ಆಚಾರ್ರು ಸುಳ್ಳು ಹೇಳುವವರಲ್ಲ. "ಮರದ ಪುಡಿ ಒತ್ತಿ ಮಾಡವ್ರೆ ಸಾ. ನೀರು ತಾಗ್ದೆ ಇದ್ರೆ ಇರ್ತದೆ. ತಾಗ್ತೋ, ಪೂರಿ ಊದ್ದಂಗೆ ಊತ್ಕತದೆ."

ದಂಪತಿ ಹೋದರು. ಇನ್ನೊಬ್ಬರು ಬಂದರು, ಅವರಿಗೂ ಪೂರಿಯ ಕಥೆ. ಮೂರನೆಯವರು ಹೋಗುವಷ್ಟರಲ್ಲಿ ಅಂಗಡಿಯ ಯಜಮಾನರು ಎಲ್ಲಿಂದಲೋ ಓಡಿ ಬಂದರು. ಜಗಳ ಗ್ಯಾರಂಟಿ ಎಂದು ನಾನು ನಡುವೆ ಹೋಗಿ ನಿಂತೆ. ಅವರು ಆಚಾರ್ರ ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದುಕೊಂಡು ಹೋದರು, ಕೂರಿಸಿದರು, ಟೀ ತರಿಸಿ ಕೊಟ್ಟರು. ಆಮೇಲೆ ಕೈಮುಗಿದು ಹೇಳಿದರು:

"ಯಜಮಾನ್ರೇ, ಒಂದು ಉಪಕಾರ ಮಾಡಿ. ಎದುರುಗಡೆ ಸ್ಟಾಲಿಗೂ ಹೋಗಿ ಹೀಗೇ ನಿಜ ಹೇಳಿ."

ಚಾಪೆ

ಮಧ್ಯಾಹ್ನ ಅವ್ವನಿಗೆ ಹಸಿವಾಯಿತು. ಮೇಳದ ಕ್ಯಾಂಟೀನಿನಲ್ಲಿ ಕೂರಲು ಜಾಗವಿರಲಿಲ್ಲ. ಪಕ್ಕದಲ್ಲೇ ಹನ್ನೆರಡು ಜನ ಕೂರುವ ಊಟದ ಟೇಬಲ್ಲು, ತಟ್ಟೆ ಲೋಟ ಸಮೇತ ಖಾಲಿ ಬಿದ್ದಿತ್ತು. ಅವ್ವ ಆ ಅಂಗಡಿಗೇ ನುಗ್ಗಿದರು. ನಾನು ಹಿಂದೆಯೇ ಓಡಿದೆ. ಪುಣ್ಯಕ್ಕೆ ಟೇಬಲ್ಲು ಮುಟ್ಟಲಿಲ್ಲ. ಅದರ ಪಕ್ಕ ಚೀಲದಿಂದ ಒಂದು ಚಾಪೆ ತೆಗೆದು ಹಾಸಿ, ನೆಲದಲ್ಲಿ ಕೂತು ಡಬ್ಬಿ ಬಿಚ್ಚಿದರು. ಮುದ್ದೆ, ಉಪ್ಸಾರು, ಖಾರ. ವಾಸನೆ ಇಡೀ ಸಾಲಿಗೆ ಹರಡಿತು. ನಾವೂ ಕೂತೆವು, ಹಸಿವಿನ ಮುಂದೆ ಇಂಟೀರಿಯರ್ ಏನು ಮಾಡೀತು?

ಅಂಗಡಿಯವನು ಎಬ್ಬಿಸಬೇಕೋ ಬೇಡವೋ ಎಂದು ಕೈ ಹಿಸುಕಿಕೊಳ್ಳುತ್ತಿದ್ದ. ಅಷ್ಟರಲ್ಲಿ ಜನ ಸೇರಿದರು. ಬೆಳಗಿನಿಂದ ಒಬ್ಬರೂ ಬರದಿದ್ದ ಅಂಗಡಿಗೆ ಈಗ ಕಾಲಿಡಲು ಜಾಗವಿಲ್ಲ. ಅವನ ಮುಖ ಅರಳಿತು, ಕ್ಯಾಟಲಾಗು ಹಿಡಿದು ಓಡಿ ಬಂದ. ಮುಂದೆ ನಿಂತಿದ್ದ ಒಬ್ಬರು ಕನ್ನಡಕ ಸರಿಮಾಡಿಕೊಂಡು ಕೇಳಿದರು:

"ಈ ಚಾಪೆ ಎಷ್ಟು?"

ಅಳತೆ

ಕೊನೆಗೆ ಅಡುಗೆಮನೆ. ನಿಜ ಹೇಳಬೇಕೆಂದರೆ, ಅದನ್ನು ನೋಡಿ ನನಗೇ ಹೊಟ್ಟೆಕಿಚ್ಚಾಯಿತು. ಬಿಳಿ ಕಪಾಟು, ಕಪ್ಪು ಕಲ್ಲು, ಮುಟ್ಟಿದರೆ ತಾನೇ ಮುಚ್ಚಿಕೊಳ್ಳುವ ಡ್ರಾಯರು. ಟೈ ಕಟ್ಟಿದ್ದ ಸೇಲ್ಸಿನವನು ಅರ್ಧ ಗಂಟೆ ಮಾತಾಡಿದ. ಅಣ್ಣ ಡ್ರಾಯರನ್ನು ತೆಗೆದರು, ಮುಚ್ಚಿದರು, ತೆಗೆದರು, ಮುಚ್ಚಿದರು. ಆಮೇಲೆ ಆರ್ಡರ್ ಫಾರಂ ಈಸಿಕೊಂಡು ಜೇಬಿನಿಂದ ಪೆನ್ನು ತೆಗೆದರು. ನಾನು ಗಾಬರಿಯಿಂದ ಆಚಾರ್ರ ಕಡೆ ತಿರುಗಿದರೆ ಆಚಾರ್ರು ಅಲ್ಲಿರಲಿಲ್ಲ.

"ಒಸಿ ತಡ್ಕಳ್ಲಾ" ಎಂದರು ಅವ್ವ ಮಗನಿಗೆ. ಆಮೇಲೆ ಸೇಲ್ಸಿನವನ ಕಡೆ ತಿರುಗಿ, "ಅಲ್ಲ ಕಣಪ್ಪ, ಇಲ್ಲಿ ಮುದ್ದೆ ತಿರುವೋದು ಎಂಗೆ?"

"ಎಲ್ಲಾ ಅಡುಗೆಗೂ ಸೂಟ್ ಆಗುತ್ತೆ ಅಮ್ಮಾ."

"ಅಂಗಾದ್ರೆ ತಿರುವು."

ಅವ್ವ ತಪ್ಪಲೆ ತೆಗೆದು ಒಲೆಯ ಮೇಲಿಟ್ಟರು. ಮಧ್ಯಾಹ್ನ ಮಿಕ್ಕಿದ್ದ ಎರಡು ಮುದ್ದೆ ಅದಕ್ಕೆ ಹಾಕಿದರು. ಕೋಲನ್ನು ಅವನ ಕೈಗೆ ಕೊಟ್ಟರು. ಅವನು ನಗುತ್ತಲೇ ಶುರು ಮಾಡಿದ. ಕೋಲು ತಿರುಗಲಿಲ್ಲ, ತಪ್ಪಲೆಯೇ ತಿರುಗಿತು. ಒಂದು ಕೈಯಲ್ಲಿ ತಪ್ಪಲೆ ಹಿಡಿದುಕೊಂಡ. ಆಗ ಕೋಲು ಅಲ್ಲಾಡಲಿಲ್ಲ. ಒಲೆ ಅವನ ಸೊಂಟಕ್ಕೆ, ತಪ್ಪಲೆ ಎದೆಗೆ, ಕೋಲಿನ ತುದಿ ಗದ್ದಕ್ಕೆ. ಮೇಲಿನಿಂದ ಭಾರ ಬಿಡಲು ದಾರಿಯೇ ಇಲ್ಲ. ನಮ್ಮ ಕಡೆ ಮುದ್ದೆಯನ್ನು ಕೈಯಲ್ಲಲ್ಲ, ಮೈಯಲ್ಲಿ ತಿರುವುವುದು.

"ರಟ್ಟೆ ಬುಟ್ಟು ತಿರುವಪ್ಪ, ಉಂಡಿಲ್ವಾ?" ಎಂದರು ಅವ್ವ.

ಅಷ್ಟು ಜನರ ಮುಂದೆ ಹಾಗೆ ಅನ್ನಿಸಿಕೊಂಡು ಯಾರು ಸುಮ್ಮನಿರುತ್ತಾರೆ? ಅವನು ಟೈ ಹೆಗಲ ಮೇಲೆ ಹಾಕಿಕೊಂಡು, ಕಾಲು ಅಗಲಿಸಿ, ಇದ್ದಬದ್ದ ಶಕ್ತಿ ಹಾಕಿ ಒತ್ತಿದ. ಮುದ್ದೆ ಇದ್ದಲ್ಲೇ ಇತ್ತು. ಅಡುಗೆಮನೆ ಜರುಗಿತು. ಕಪಾಟಿನ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡು, ಗ್ಯಾರಂಟಿ ಕೊಟ್ಟಂತೆಯೇ ಮೆಲ್ಲಗೆ ತಾವೇ ಮುಚ್ಚಿಕೊಂಡವು. ಹಿಂದಿನ ತೆಳು ಗೋಡೆ ಆಚೆ ಅಂಗಡಿಯ ಕಡೆಗೆ ವಾಲಿತು. ಗೋಡೆಯ ಆಚೆ ನೆಲಮಟ್ಟದಿಂದ ನಮ್ಮ ಆಚಾರ್ರ ದನಿ ಕೇಳಿಸಿತು:

"ಯಾರ್ಲಾ ಅದು ಗೋಡೆ ತಳ್ತಿರೋದು? ಮಂಚದ್ ಕೆಳ್ಗೆ ಮನ್ಸ ಅವ್ನೆ!"

ನಾಲ್ಕು ಜನ ಸೇರಿ ಗೋಡೆ ನಿಲ್ಲಿಸಿದರು. ಸೇಲ್ಸಿನವನು ಬೆವರು ಒರೆಸಿಕೊಂಡ.

"ಅಮ್ಮಾ, ನಮ್ ಕಸ್ಟಮರ್ಸ್ ಮುದ್ದೆ ಗಿದ್ದೆ ಎಲ್ಲ ಹಿಂದುಗಡೆ ಹೊರಗೆ ಮಾಡ್ಕೋತಾರೆ."

"ಅಂಗಾದ್ರೆ ಈ ಒಳ್ಗಡೆ ಏನ್ ಮಾಡಾರು?"

ಪಾಪ, ಅವನೂ ಸತ್ಯವಂತನೇ. ಸ್ವಲ್ಪ ಯೋಚಿಸಿ ಹೇಳಿದ, "ಬಂದೋರಿಗೆ ತೋರಿಸ್ತಾರೆ."

ಅಣ್ಣ ಪೆನ್ನಿನ ಮುಚ್ಚಳ ಹಾಕಿದರು. ನನಗೆ ಅಲ್ಲೇ ಕುಣಿಯುವಷ್ಟು ಖುಷಿ. ಆ ಖುಷಿ ಒಂದು ನಿಮಿಷವೂ ಉಳಿಯಲಿಲ್ಲ.

"ನೀ ಗೀಚಿರೋದೂ ಇಷ್ಟೇ ಎತ್ರ ಅಲ್ವಾ ಮಗ?" ಎಂದರು ಅವ್ವ, ನನ್ನ ಕಡೆ ತಿರುಗಿ.

ಅಷ್ಟೇ ಎತ್ತರ. ಮೂವತ್ತನಾಲ್ಕು ಇಂಚು, ಪುಸ್ತಕದಲ್ಲಿ ಇರುವ ಹಾಗೆ. ಮುದ್ದೆ ಉಂಡೇ ಬೆಳೆದವಳು ನಾನು, ಒಂದು ದಿನವೂ ಅದು ಹೊಳೆದಿರಲಿಲ್ಲ. ನಾಚಿಕೆಯಾಗಿ ನೆಲ ನೋಡಿದೆ. ಅಷ್ಟರಲ್ಲಿ ಆಚಾರ್ರು ಮೈಮೇಲಿನ ಧೂಳು ಕೊಡವಿಕೊಂಡು ಬಂದರು. ಜೇಬಿನಿಂದ ಒಂದು ದಾರ ತೆಗೆದರು. ಅದರಲ್ಲಿ ಎರಡು ಗಂಟು.

"ಮ್ಯಾಲಿನ್ ಗಂಟು ಸೊಸೆವ್ವ ನಿಂತ್ಕಂಡ್ ಸಾರು ಮಾಡಕ್ಕೆ. ಕೆಳಗಿಂದು ಅವ್ವಾರ ಮುದ್ದೆ ಒಲೆಗೆ. ಬಾಗ್ಲು ಅಳ್ಯಕ್ ಓಗಿದ್ ದಿನ ಅವ್ವಾರು ಮುದ್ದೆ ತಿರುವ್ತಾ ಇದ್ರು, ಆಗ್ಲೇ ಅಳ್ತೆ ಇಡ್ಕಂಡೆ."

"ಮತ್ತೆ ನನಗ್ಯಾಕೆ ಹೇಳಲಿಲ್ಲ ಆಚಾರ್ರೇ?"

"ನೀವು ಕಂಪ್ಯೂಟರ್‌ನಲ್ಲಿ ಅಷ್ಟು ಚೆಂದಾಗಿ ಬರ್ದಿದ್ರಿ. ಬರ್ಕಳ್ಳಿ, ಮಾಡೋವಾಗ ನಾನ್ ಮಾಡ್ಕತೀನಿ ಅಂತ ಸುಮ್ಕಿದ್ದೆ."

ಹನ್ನೊಂದು ವರ್ಷದಿಂದ ನನ್ನ ಅಡುಗೆಮನೆಗಳನ್ನು ಜನ ಯಾಕೆ ಹೊಗಳುತ್ತಿದ್ದರು ಎಂದು ಆಗ ಗೊತ್ತಾಯಿತು. ಅಣ್ಣ ದಾರ ನೋಡಿದರು, ತಾಯಿಯನ್ನು ನೋಡಿದರು, ಫಾರಂ ಮಡಚಿ ವಾಪಸು ಕೊಟ್ಟರು.

"ಆಯ್ತು ಆಚಾರ್ರೇ, ಸೋಮ್ವಾರ ಸುರು ಮಾಡಿ. ಮೇಡಂ, ನೀವು ಬೆಕ್ಕು ಓಗ್ದಂಗೆ ನೋಡ್ಕಳಿ, ಸಾಕು."

ಹೊರಗೆ ಹೋಗುವ ಬಾಗಿಲಲ್ಲಿ ಅದೇ ಸೆಕ್ಯುರಿಟಿಯವನು. ಕೋಲು ನೋಡಿದ ಕೂಡಲೇ ಗುರುತು ಹಿಡಿದ. ರಿಜಿಸ್ಟರ್ ತೆಗೆದು ಬೆಳಗಿನ ಸಾಲಿನ ಮುಂದೆ "ವಾಪಸ್" ಎಂದು ಬರೆದುಕೊಂಡು ನಗುತ್ತಾ ಕೇಳಿದ:

"ಏನಮ್ಮಾ, ಅಳತೆ ಸರಿ ಹೋಯ್ತಾ?"

ಅವ್ವ ಹಿಂದಕ್ಕೆ ತಿರುಗಿ, ದೀಪ ಹೊತ್ತಿಕೊಂಡು ಝಗಝಗಿಸುತ್ತಿದ್ದ ಆ ಇಡೀ ಮೇಳವನ್ನು ಒಂದು ಸಲ ಮರುಕದಿಂದ ನೋಡಿದರು. ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡರು.

"ಇಲ್ಲ ಕಣಪ್ಪ. ಇಷ್ಟು ದೊಡ್ಡೂರ್ನಲ್ಲಿ ಒಂದೂ ಸರಿಗಿಲ್ಲ."