ಅಡುಗೆಕಟ್ಟೆಯ ಸ್ಪಂಜು

ಐವತ್ತು ಕೋಟಿ ವರ್ಷಕ್ಕೂ ಹಿಂದಿನ ಮಾತು. ಒಂದು ಬೆಚ್ಚನೆಯ ಸಮುದ್ರದಲ್ಲಿ ಸ್ಪಂಜು ಎಂಬ ಜೀವಿಗಳ ದೊಡ್ಡ ಸಂಸಾರವಿತ್ತಂತೆ. ಲೋಟದೊಳಗೆ ಲೋಟ ಇಟ್ಟಂಥ ಒಡಲು, ಮೈತುಂಬ ತೂತು. ಒಂದರ ಬೆನ್ನಮೇಲೊಂದು ಕೂತು ನೀರಡಿಯಲ್ಲಿ ದಿಬ್ಬವನ್ನೇ ಕಟ್ಟಿದವು. ಆಮೇಲೆ ಹೇಳದೆ ಕೇಳದೆ ವಂಶಸಮೇತ ಅಳಿದು ಕಲ್ಲಾದವು. ಕಲ್ಲಾದ ಮೇಲಾದರೂ ಸುಮ್ಮನಿದ್ದವೇ? ಕಲ್ಲು ಪಾಲಿಶಿನವನ ಹೆಗಲೇರಿ ಅವನ ಮನೆಗೇ ಬಂದವು.

ಊರವರ ಮನೆಗೆಲ್ಲ ಕಲ್ಲು ಹಾಸಿದವನು, ಹೆಂಡತಿಗೆ ಅಡುಗೆಕಟ್ಟೆ ಮಾಡಿಕೊಡುತ್ತೇನೆ ಅನ್ನುತ್ತಲೇ ಒಂಬತ್ತು ವರ್ಷ ದೂಡಿದ್ದ.

“ಇವತ್ತು ಸಂಜೆಯೊಳಗೆ ಕಲ್ಲು ಕೂರದಿದ್ರೆ ನಾಳೆ ಬೇರೆ ಮೇಸ್ತ್ರಿ ಕರೆಸ್ತೀನಿ” ಎಂದಳು ಅವಳು.

ತನ್ನ ಮನೆಗೆ ಬೇರೆ ಮೇಸ್ತ್ರಿ! ಊರಲ್ಲಿ ಮುಖ ತೋರಿಸುವುದು ಹೇಗೆ? ಅಂಗಡಿಯ ಮೂಲೆಯಲ್ಲಿ ಉಳಿದಿದ್ದ, ಬಿಳಿ ಬಳೆಗಳಂಥ ಗುರುತಿದ್ದ ಕೆಂಪು ಚಪ್ಪಡಿ ಹೊತ್ತು ತಂದ. ಕಸುಬಿನವನಲ್ಲವೇ, ತೂತುಗಳಿಗೆಲ್ಲ ಬಣ್ಣದ ಮೇಣ ತುಂಬಿ, ಮುಖ ಕಾಣುವಂತೆ ಉಜ್ಜಿದ. ಸಿಂಕಿನ ಜಾಗಕ್ಕೆ ಗೀಟು ಹಾಕಿ ಕಟಿಂಗ್ ಮಷೀನು ಎತ್ತಿದ.

“ನಿಲ್ಸಯ್ಯಾ!” ಪಕ್ಕದ ಮನೆಯ ವಿಜ್ಞಾನದ ಮೇಷ್ಟ್ರು ಓಡಿಬಂದು ಬಿಳಿ ಬಳೆಯ ಗುರುತು ತೋರಿಸಿದರು. “ಇದು ಸ್ಪಂಜು!”

“ಕಲ್ಲು, ಸಾರ್.”

“ಕಲ್ಲಾಗಿರೋ ಸ್ಪಂಜು ಕಣಯ್ಯಾ. ಡೈನೋಸಾರ್ ಹುಟ್ಟೋಕೆ ಮುಂಚೆನೇ ಸತ್ತಿದ್ದು!”

ಮಹಡಿಯಿಂದ ದರ್ಜಿಯಮ್ಮ ಇಣುಕಿದಳು. “ಅಂದ್ರೆ ಹೆಂಡ್ತಿಗೆ ಹಳೇ ಮಾಲೇ ತಂದಿದಾನೆ ಅನ್ನಿ!”

ಮೇಷ್ಟ್ರು ಆಗಲೇ ಮ್ಯೂಸಿಯಮ್ಮಿಗೆ ಫೋನು ಹಚ್ಚಿದ್ದರು. “ಮೇಡಂ ಸಂಜೆ ಬರ್ತಾರೆ. ತೂತು ಯಾಕಯ್ಯಾ ಮುಚ್ಚಿದೆ? ಅದರ ಜೀವವೇ ತೂತಲ್ಲಿತ್ತು. ಬಿಡಿಸು, ಬಿಡಿಸು!”

ಪಾಪ, ಮಗುವಿನ ತಲೆಯಲ್ಲಿ ಹೇನು ಹುಡುಕುವ ಅಜ್ಜಿಯ ಹಾಗೆ ಅವನು ಸೂಜಿ ಹಿಡಿದು ಮೇಣ ಕೆದಕುತ್ತ ಕೂತ. ಬೀದಿಯವರೆಲ್ಲ ಬಂದು ನೋಡಿದರು. ಮೊದಮೊದಲು ಮುಖ ಊದಿಸಿಕೊಂಡಿದ್ದ ಹೆಂಡತಿ, ನಾಲ್ಕನೆಯ ಗುಂಪು ಬರುವಷ್ಟರಲ್ಲಿ ತಾನೇ ಕಲ್ಲಿನ ಬಳೆಗಳ ಮೇಲೆ ಬೆರಳಿಟ್ಟು ಸಮುದ್ರದ ಕತೆ ಹೇಳತೊಡಗಿದ್ದಳು.

ಸಂಜೆ ಮ್ಯೂಸಿಯಮ್ಮಿನ ಮೇಡಂ ಬಂದು ಭೂತಗನ್ನಡಿ ಹಿಡಿದರು. ಬೀದಿಯೇ ಬಾಗಿಲಲ್ಲಿ ಕಿಕ್ಕಿರಿಯಿತು.

“ಅಸಲಿ ಸ್ಪಂಜೇ. ಆದ್ರೆ ಇಂಥವು ನಮ್ಮಲ್ಲಿ ಬೇಕಾದಷ್ಟಿವೆ, ಮೆಟ್ಟಿಲಿಗೂ ಇದೇ ಹಾಕಿದೀವಿ. ಧಾರಾಳವಾಗಿ ಕೊಯ್ಕೊಳ್ಳಿ.”

ಅವನಿಗೆ ಹೋದ ಜೀವ ಬಂದಂತಾಯಿತು. ಮಷೀನಿಗೆ ಕೈಹಾಕಿದ. ಹೆಂಡತಿ ಅಡ್ಡ ನಿಂತಳು.

“ಮುಟ್ಟಿದ್ರೆ ನೋಡಿ! ಅಷ್ಟೊಂದು ಜೀವಗಳು ಸೇರಿ ಕಟ್ಟಿದ್ದನ್ನ ಸಿಂಕಿಗೋಸ್ಕರ ಕೊರೀತೀರಾ? ಹಾಗೇ ಕೂರ್ಸಿ.”

ಕೂರಿಸಿದ. ಮಟ್ಟ ನೋಡಿದ, ಸಂದಿಗೆ ಸಿಮೆಂಟು ಒತ್ತಿದ, ಒದ್ದೆ ಬಟ್ಟೆಯಿಂದ ಒರೆಸಿದ. ಒಂಬತ್ತು ವರ್ಷದ ಮಾತು ಕೊನೆಗೂ ನಡೆಯಿತು. ನಿಟ್ಟುಸಿರುಬಿಟ್ಟು ಸ್ಟವ್ ಎತ್ತಿ ಅದರ ಮೇಲಿಡಲು ಹೋದ.

ಅವಳು ಸ್ಟವ್ ಕಿತ್ತುಕೊಂಡು ನೆಲಕ್ಕಿಟ್ಟಳು. “ಕಲೆ ಆಗಲ್ವೇ? ತುಂಬ ಚೆನ್ನಾಗಿ ಕೂತಿದೆ ರೀ. ಇನ್ನು ಅಡುಗೆಗೆ ಕಲ್ಲು ಯಾವತ್ತು ತರ್ತೀರಿ, ಹೇಳಿ?”