ಎಲ್ಲಕ್ಕೂ ಆಗುವ ಗಾಡಿ

ಓರೆಸ್ಟ್ ಹವ್ರಿಲಕ್‌ನ ಕಾರು ಕೆಮ್ಮಿದ್ದು ಒಂದೇ ಸಲ. ಆಮೇಲೆ ಅದು ಉಸಿರೆತ್ತಲಿಲ್ಲ. ಅದೂ ಎಲ್ಲಿ, ಹೆದ್ದಾರಿಯ ನಟ್ಟನಡುವೆ, ಹಿಂದೆ ಮುಂದೆ ಹಿಮ ಬಿಟ್ಟರೆ ಇನ್ನೇನೂ ಇಲ್ಲದ ಜಾಗದಲ್ಲಿ. ಒಳಗೆ ಅವನ ಮಗಳು ಟೆಸ್ಸಾ, ಜೊತೆಗೆ ಅವಳ ಕರ್ಲಿಂಗ್ ತಂಡದ ಇನ್ನು ಮೂವರು ಹುಡುಗಿಯರು. ಕೊನೆಗೆ ಆ ನಾಲ್ವರೂ ಸೆಮಿಫೈನಲ್ಲಿಗೆ ಹೋದದ್ದು ರಸ್ತೆಯ ಹಿಮ ತಳ್ಳುವ ಸರ್ಕಾರಿ ಗಾಡಿಯಲ್ಲಿ, ಒಬ್ಬರ ತೊಡೆಯ ಮೇಲೆ ಒಬ್ಬರು ಕೂತು. ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ ಆಟ ಗೆದ್ದರು, ಅದು ಬೇರೆ ಮಾತು. ಆದರೆ ನಮ್ಮೂರ ವಾರಪತ್ರಿಕೆಯಲ್ಲಿ ಬಂದದ್ದು ಗೆದ್ದ ಫೋಟೋ ಅಲ್ಲ, ಆ ಗಾಡಿಯಿಂದ ಇಳಿಯುತ್ತಿದ್ದ ಫೋಟೋ. ಹದಿನೈದು ವರ್ಷದ ಹುಡುಗಿಗೆ ಮುಖ ಎತ್ತಿಕೊಂಡು ಓಡಾಡುವುದು ಹೇಗೆ ಹೇಳಿ.

ಅವತ್ತಿನಿಂದ ಟೆಸ್ಸಾ ಅಪ್ಪನ ಜೊತೆ ಮಾತು ಬಿಟ್ಟಳು. ಫೈನಲ್‌ನ ಹಿಂದಿನ ದಿನ ಊಟಕ್ಕೆ ಕೂತಾಗ ಅಮ್ಮನ ಕಡೆ ತಿರುಗಿ, "ನಾಳೆ ನಾನು ಲಾಯ್ಡ್ ತಾತನ ಪಿಕಪ್ಪಲ್ಲಿ ಹೋಗ್ತೀನಿ ಅಂತ ಅಪ್ಪಂಗೆ ಹೇಳ್ಬಿಡಮ್ಮಾ" ಅಂದಳು. ಅಪ್ಪ ಎದುರಿಗೇ ಕೂತು ಆಲೂಗೆಡ್ಡೆ ಬಡಿಸಿಕೊಳ್ಳುತ್ತಿದ್ದ.

ಓರೆಸ್ಟ್ ಸೌಟು ಕೆಳಗಿಟ್ಟ. ಮಗಳು ಮೊದಲ ಸಲ ಕಲ್ಲು ಜಾರಿಸಿದ ದಿನದಿಂದ ಅವಳನ್ನು ಪ್ರತಿ ಆಟಕ್ಕೂ ಕರೆದುಕೊಂಡು ಹೋದವನು ಅವನೇ. ಮನೆಯಲ್ಲಿ ಅವಳಿಗೆ ಅವಳದೇ ಕೋಣೆ ಇದೆ, ಫೋನ್ ಇದೆ, ಧಡಾರನೆ ಹಾಕಿಕೊಳ್ಳಲು ಬಾಗಿಲೂ ಇದೆ. ಕಾರಿನಲ್ಲಿ ಮಾತ್ರ ಅವಳು ಕಾಲು ಮಡಚಿ ಕೂತು ಸ್ಕೂಲಿನದು, ಗೆಳತಿಯರದು, ಎಲ್ಲ ಹೇಳುತ್ತಿದ್ದಳು. ಆ ಸೀಟು ಹೋದರೆ ಮಗಳೇ ಹೋದಳು ಅಂತ ಅವನಿಗೆ ಗೊತ್ತಿತ್ತು.

"ನಾಳೆ ಮಧ್ಯಾಹ್ನದೊಳಗೆ ಹೊಸ ಗಾಡಿ ತರ್ತೀನಿ," ಅಂದ. "ಎಂಥ ಚಳಿಗೂ ಜಗ್ಗದಂಥದ್ದು. ನಾಲ್ಕೂ ಜನ ನನ್ನ ಜೊತೇನೇ ಬರ್ತೀರಿ."

ಟೆಸ್ಸಾ ತಟ್ಟೆ ಎತ್ತಿಕೊಂಡು ಹೋದಳು. ಹೆಂಡತಿ ಮಾರ್ಲೀನ್ ಮಾತ್ರ, ಈ ಸಲವಾದರೂ ನಾಲ್ಕು ಜನರನ್ನು ಕೇಳಿ ತಗೋ ಅಂದಳು. ಹಳೆಯ ಕಾರನ್ನು ಅವನು ಯಾರನ್ನೂ ಕೇಳದೆ, ಹಸಿರು ಬಣ್ಣ ಚೆನ್ನಾಗಿದೆ ಅಂತ ತಂದಿದ್ದ.

ಅಯ್ಯೋ ಪುಣ್ಯಾತ್ಗಿತ್ತಿ, ನಮ್ಮ ಡನ್‌ಬ್ರೇಯಲ್ಲಿ ನಾಲ್ಕು ಜನರನ್ನು ಕೇಳುವುದು ಅಂದರೇನು ಗೊತ್ತಿದ್ದೂ ಹಾಗಂದಳಲ್ಲ. ಸಸ್ಕಾಚೆವಾನ್‌ನ ಈ ಬಯಲಲ್ಲಿ ಅರ್ಧ ವರ್ಷ ಹಿಮ. ಆ ಅರ್ಧ ವರ್ಷ ಜನರಿಗೆ ಇರುವ ಕೆಲಸ ಎರಡೇ, ಹಿಮ ಎತ್ತುವುದು, ಇನ್ನೊಬ್ಬರಿಗೆ ಬುದ್ಧಿ ಹೇಳುವುದು. ಅದರಲ್ಲೂ ಓರೆಸ್ಟ್ ಪೋಸ್ಟಾಫೀಸಿನ ಗುಮಾಸ್ತ. ಕಿಟಕಿಯ ಹಿಂದೆ ಕೂತವನು, ತಪ್ಪಿಸಿಕೊಳ್ಳುವ ಹಾಗಿಲ್ಲ. ಹಾಗಾಗಿ ಅವನಿಗೆ ಬುದ್ಧಿ ಹೇಳುವುದು ಎಲ್ಲರಿಗೂ ಅಭ್ಯಾಸವಾಗಿ ಹೋಗಿತ್ತು.

ಬೆಳಿಗ್ಗೆ ಹಳೆ ಗಾಡಿ ಮಾರುವ ಡ್ವೇನ್‌ನ ಅಂಗಡಿಗೆ ಹೋದ. ಡ್ವೇನ್ ಒಂದು ಬೂದು ಬಣ್ಣದ ಎಂಟು ಸೀಟಿನ ಗಾಡಿ ತೋರಿಸಿದ. ಸುತ್ತಮುತ್ತಲ ಊರುಗಳಲ್ಲಿ ಅರ್ಧ ಜನರ ಹತ್ತಿರ ಇರುವುದು ಅಂಥದ್ದೇ. ಸಂಜೆವರೆಗೆ ಓಡಿಸಿ ನೋಡು, ಇಷ್ಟವಾದರೆ ಒಂದು ಫೋನ್ ಹಾಕು, ಆಗದಿದ್ದರೆ ತಂದು ನಿಲ್ಲಿಸು ಅಂದ. ಇಬ್ಬರ ನಡುವೆ ಮಾತೇ ಪತ್ರ. ಹೊರಡುವಾಗ ಡ್ವೇನ್, "ಪೆಟ್ರೋಲ್ ಮಾತ್ರ ಮೊದಲು ಹಾಕಿಸ್ಕೊಳಪ್ಪ, ಕಾಲು ಟ್ಯಾಂಕ್ ಇದೆ ಅಷ್ಟೇ" ಅಂತ ಕೂಗಿ ಹೇಳಿದ.

ಓರೆಸ್ಟ್ ಪೆಟ್ರೋಲ್ ಬಂಕಿಗೇ ಹೊರಟಿದ್ದ. ಆದರೆ ಬಂಕಿಗಿಂತ ಮುಂಚೆ ಎಲ್ಸಿಯ ಕಾಫಿ ಅಂಗಡಿ ಸಿಗುತ್ತದೆ. ಅದರ ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತ ಲಾಯ್ಡ್ ಕೈ ಬೀಸಿದ. ಲಾಯ್ಡ್ ಅಂದರೆ ಮಾರ್ಲೀನ್‌ಳ ಚಿಕ್ಕಪ್ಪ, ಗೋಧಿ ಗೋದಾಮಿನ ನಿವೃತ್ತ ಮೇಲ್ವಿಚಾರಕ. ಅವನು ಕರೆದರೆ ಹೋಗದೆ ಇರುವ ಧೈರ್ಯ ಓರೆಸ್ಟ್‌ಗೆ ಮದುವೆಯಾದಾಗಿನಿಂದ ಬಂದಿಲ್ಲ.

ಅಂಗಡಿಯ ಮುಂದೆ ಗಾಡಿಗಳ ಸಾಲೇ ನಿಂತಿತ್ತು, ಎಲ್ಲದರ ಇಂಜಿನ್ನೂ ಗುರ್ ಅನ್ನುತ್ತಲೇ ಇತ್ತು. ಮೈನಸ್ ಮೂವತ್ತೆಂಟರಲ್ಲಿ ಆರಿಸಿದ ಇಂಜಿನ್ ಮತ್ತೆ ಹೊತ್ತಿಕೊಂಡರೆ ಹೊತ್ತಿಕೊಂಡಿತು. ಅದಕ್ಕೇ ನಾವು ಕೀಲಿ ಅದರಲ್ಲೇ ಬಿಟ್ಟು ಒಳಗೆ ಹೋಗುತ್ತೇವೆ. ಕದಿಯುವವರು ಯಾರು, ಕಳ್ಳರಿಗೂ ಚಳಿಯಾಗುತ್ತದೆ. ಓರೆಸ್ಟ್ ತನ್ನದನ್ನೂ ಹಾಗೇ ಬಿಟ್ಟು ಒಳಗೆ ಹೋದ.

ಮೇಜಿನಲ್ಲಿ ಲಾಯ್ಡ್ ಜೊತೆ ದನದ ಡಾಕ್ಟರು ಪೆನ್ನರ್ ಇದ್ದ, ಚರ್ಚಿನ ಅಡುಗೆಮನೆ ನೋಡಿಕೊಳ್ಳುವ ಸ್ಟೆಫಾ ಅಮ್ಮ ಇದ್ದಳು. ಎಲ್ಲಕ್ಕೂ ಆಗುವಂಥ ಗಾಡಿ ಬೇಕು ಅಂತ ಓರೆಸ್ಟ್ ಹೇಳಿದ್ದೇ ತಡ, ಮೂವರೂ ಕಪ್ಪು ಕೆಳಗಿಟ್ಟರು.

ಎಲ್ಲಕ್ಕೂ ಅಂದರೆ ಹಿಮದ ದಿಬ್ಬ ಸೀಳಬೇಕು ಅಂತ ಲಾಯ್ಡ್. ಹಾಗಂದವನು ಪರೀಕ್ಷೆ ಮಾಡದೆ ಬಿಟ್ಟಾನೆಯೇ? ಗಾಡಿ ತಗೊಂಡು ಹೋಗಿ ಗೋದಾಮಿನ ಹಿಂದಿನ ದಿಬ್ಬಕ್ಕೆ ಹತ್ತು ಸಲ ನುಗ್ಗಿಸಿ ವಾಪಸ್ ಬಂದ. "ಹೋಗುತ್ತೆ," ಅಂದ ಬೇಜಾರಿನಿಂದ. "ಪಿಕಪ್ ಆಗಿದ್ರೆ ಒಂದೇ ಸಲಕ್ಕೆ ಹೋಗ್ತಿತ್ತು."

ಎಲ್ಲಕ್ಕೂ ಅಂದರೆ ಒಂದು ಕರು ಹಿಡಿಸಬೇಕು ಅಂತ ಪೆನ್ನರ್. ಪಾಪ ಅವನಿಗೆ ಹೊತ್ತಿಗೆ ಸರಿಯಾಗಿ ಒಂದು ಫೋನೂ ಬಂತು, ಊರಾಚೆಯ ಹಟ್ಟಿಯಲ್ಲಿ ಕರು ಹುಟ್ಟಿ ಚಳಿಗೆ ಸೆಟೆದುಕೊಳ್ಳುತ್ತಿದೆ ಅಂತ. ಅದನ್ನು ಓರೆಸ್ಟ್‌ನ ಗಾಡಿಯಲ್ಲೇ ಮಲಗಿಸಿ, ಹೀಟರು ಪೂರ್ತಿ ತಿರುಗಿಸಿ, ಕಿವಿ ಬೆಚ್ಚಗಾಗುವವರೆಗೆ ಊರ ಸುತ್ತ ಓಡಿಸಿದ. ಕರು ಬದುಕಿತು. ಹಿಂದಿನ ಸೀಟು ಬದುಕಲಿಲ್ಲ.

ಸ್ಟೆಫಾ ಅಮ್ಮನ ಪ್ರಕಾರ ಇವೆಲ್ಲ ಗಂಡಸರ ಹುಚ್ಚು. ಪೆರೋಗಿ, ಅಂದರೆ ಆಲೂಗೆಡ್ಡೆ ತುಂಬಿದ ಕಡುಬು, ಅದರ ಪಾತ್ರೆ ಚೆಲ್ಲದೆ ಹೋಗಬೇಕು, ಅದೇ ಪರೀಕ್ಷೆ. ಚರ್ಚಿನಿಂದ ಕರಿದ ಈರುಳ್ಳಿ, ಬೆಣ್ಣೆ, ಬೇಯಿಸಿದ ಪೆರೋಗಿ, ಎಲ್ಲ ಹೇರಿಕೊಂಡು ಮುಪ್ಪಿನವರ ಮನೆಮನೆಗೂ ಹಂಚಿ ಬಂದಳು. ಎಡಗಡೆ ತಿರುವಿನಲ್ಲಿ ಸ್ವಲ್ಪ ಚೆಲ್ಲಿತು ಅಂದಳು. ಸ್ವಲ್ಪ ಅಂದರೆ ಎಷ್ಟು ಅಂತ ಓರೆಸ್ಟ್ ಕೇಳಲಿಲ್ಲ.

ಮೂವರೂ ಈಗ ಒಬ್ಬರ ಮೇಲೊಬ್ಬರು ಬಿದ್ದು ತೀರ್ಪು ಹೇಳತೊಡಗಿದರು. ಆ ಗಲಾಟೆಯಲ್ಲಿ ಹಿಂದಿನ ಮೇಜಿನಲ್ಲಿ ಪರವೂರಿನ ಯಾರೋ ಒಬ್ಬಾತ ಹುಡುಗಿಯರ ಜೊತೆ ಕೂತು ಚಾಕೊಲೇಟ್ ಹಾಲು ಕುಡಿಯುತ್ತಿದ್ದುದನ್ನು ಓರೆಸ್ಟ್ ಸರಿಯಾಗಿ ನೋಡಲೂ ಇಲ್ಲ. ಗಡಿಯಾರ ನೋಡಿದರೆ ಮಧ್ಯಾಹ್ನವಾಗಿಬಿಟ್ಟಿತ್ತು. ಟೋಪಿ ಎಳೆದುಕೊಂಡು ಓಡಿದ, ಬೂದು ಗಾಡಿ ಹತ್ತಿದ, ಹೊರಟ.

ಮೊದಲು ಆಶ್ಚರ್ಯವಾದದ್ದು ವಾಸನೆಯ ವಿಷಯದಲ್ಲಿ. ಕರುವಿನದೂ ಇಲ್ಲ, ಈರುಳ್ಳಿಯದೂ ಇಲ್ಲ. ಸ್ಟೆಫಾ ಅಮ್ಮ ಒರೆಸಿರಬೇಕು. ಪೆಟ್ರೋಲಿನ ಮುಳ್ಳು ನೋಡಿದರೆ ಪೂರ್ತಿ ಮೇಲಿದೆ. ಲಾಯ್ಡ್ ಮಾವ ಬಾಯಲ್ಲಿ ಬೈದರೂ ಟ್ಯಾಂಕು ತುಂಬಿಸಿಟ್ಟಿದ್ದಾರೆ. ಪಕ್ಕದಲ್ಲಿ ಬಿಸಿ ಕಾಫಿಯ ಫ್ಲಾಸ್ಕು ಬೇರೆ. ಅದು ಪೆನ್ನರ್ ಕೆಲಸವೇ ಇರಬೇಕು. ಇಂಥ ಜನರನ್ನು ಇಷ್ಟು ವರ್ಷ ಮನಸ್ಸಿನಲ್ಲೇ ಬೈದುಕೊಂಡೆನಲ್ಲ ಅಂತ ಓರೆಸ್ಟ್‌ಗೆ ಕಣ್ಣು ತುಂಬಿ ಬಂತು. ಒಂದು ಗುಟುಕು ಕುಡಿದ. ಸಕ್ಕರೆ ಜಾಸ್ತಿಯಾಗಿತ್ತು, ಆದರೂ ಕುಡಿದ.

ಮನೆಯ ಮುಂದೆ ಮಾರ್ಲೀನ್ ಒಳಗೆ ಇಣುಕಿ ನೋಡಿ, ಪರವಾಗಿಲ್ಲ, ನಾಲ್ಕು ಜನರನ್ನು ಕೇಳಿದ್ದು ಕಾಣುತ್ತೆ ಅಂದಳು. ಹಿಂದೆ ಕಂಬಳಿ ಹೊದಿಸಿದ ಏನೋ ಗಂಟು ಇತ್ತು. ಚಳಿಗಾಲದಲ್ಲಿ ಎಲ್ಲರ ಗಾಡಿಯಲ್ಲೂ ಅಂಥದ್ದೊಂದು ಇದ್ದೇ ಇರುತ್ತದೆ. ಹುಡುಗಿಯರು ತಮ್ಮ ಬ್ಯಾಗುಗಳನ್ನು ಅದರ ಮೇಲೇ ಎಸೆದು ಹತ್ತಿ ಕೂತರು. ಟೆಸ್ಸಾ ಒಂದು ಕ್ಷಣ ಹೊರಗೇ ನಿಂತಳು. ಆಮೇಲೆ ಮುಂದಿನ ಬಾಗಿಲು ತೆಗೆದು ಅಪ್ಪನ ಪಕ್ಕ ಕೂತು, ಬೂಟು ಬಿಚ್ಚಿ, ಕಾಲು ಮಡಚಿಕೊಂಡಳು.

"ಸೀಟ್ ಬಿಸಿ ಆಗುತ್ತಲ್ಲಪ್ಪಾ," ಅಂದಳು. "ಈ ಸಲ ಚೆನ್ನಾಗಿ ಆರಿಸಿದ್ದೀಯ."

ಓರೆಸ್ಟ್‌ಗೆ ಇನ್ನೇನು ಬೇಕು. ಅಲ್ಲಿಂದಲೇ ಡ್ವೇನ್‌ಗೆ ಫೋನ್ ಹಾಕಿ, ಗಾಡಿ ನನ್ನದು, ಇನ್ನು ಯಾರಿಗೂ ತೋರಿಸಬೇಡ ಅಂದ. ಡ್ವೇನ್ ಒಳ್ಳೇದಾಗಲಿ ಅಂತ ಹಾರೈಸಿದ.

ಫೈನಲ್ ಇದ್ದದ್ದು ವೆಸ್ಟ್‌ಬ್ರೂಕ್‌ನಲ್ಲಿ. ದಾರಿಯುದ್ದಕ್ಕೂ ಟೆಸ್ಸಾ ಒಂದು ವಾರದ ಬಾಕಿ ಮಾತೆಲ್ಲ ಆಡಿದಳು. ಅರ್ಧ ದಾರಿಯಲ್ಲಿ ರಸ್ತೆಯ ಅಂಚಿಗೆ ಒಂದು ಗಾಡಿ ನಿಂತಿತ್ತು, ಇದರ ತದ್ರೂಪು, ಇದರ ಹಾಗೇ ಉಪ್ಪು ಹಿಮ ಮೆತ್ತಿಕೊಂಡು ನಂಬರೂ ಕಾಣದ ಸ್ಥಿತಿ. ಈ ಚಳಿಯಲ್ಲಿ ನಿಂತ ಗಾಡಿಯನ್ನು ದಾಟಿ ಹೋಗುವವನನ್ನು ನಮ್ಮ ಕಡೆ ಮನುಷ್ಯ ಅನ್ನುವುದಿಲ್ಲ. ಓರೆಸ್ಟ್ ನಿಲ್ಲಿಸಿದ.

ಅದರಿಂದ ಇಳಿದವನು ಗಾಸ್ಟನ್ ಅಂತ, ಸೇಂಟ್ ಎಮೀಲ್ ಊರಿನ ತಂಡದ ತರಬೇತುದಾರ. ಅಂದರೆ ಇವತ್ತಿನ ಎದುರಾಳಿ. ಮೂವರು ಹುಡುಗಿಯರು ಒಳಗೆ ಮುದುಡಿ ಕೂತಿದ್ದರು, ನಾಲ್ಕನೆಯವಳು ಅವಳಮ್ಮನ ಜೊತೆ ಮುಂಚೆಯೇ ಹೋಗಿದ್ದಳು. ಬೆಳಿಗ್ಗೆ ಟ್ಯಾಂಕು ತುಂಬಿಸಿದ್ದೆ, ಡನ್‌ಬ್ರೇಯಲ್ಲಿ ಹುಡುಗಿಯರಿಗೆ ಒಂದಿಷ್ಟು ಬಿಸಿಹಾಲು ಕುಡಿಸಿ ಹೊರಟೆ, ಅಷ್ಟರಲ್ಲಿ ಪೂರಾ ಖಾಲಿ ಅಂತ ಗಾಸ್ಟನ್ ತಲೆ ಚಚ್ಚಿಕೊಂಡ. ಸಾಲದ್ದಕ್ಕೆ ಒಳಗೆಲ್ಲ ಏನೋ ಕೊಟ್ಟಿಗೆಯ ವಾಸನೆ, ಒಗ್ಗರಣೆ ವಾಸನೆ, ಹೀಟರೇ ಕೆಟ್ಟಿರಬೇಕು ಅಂದ.

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಯೋಚನೆ ಮಾಡುತ್ತಿದ್ದರು. ಆದರೆ ಮಗಳು ಕಿಟಕಿ ಇಳಿಸಿ ಕೇಳಿಸಿಕೊಳ್ಳುತ್ತಿದ್ದಳಲ್ಲ. ಹುಟ್ಟಿದಾಗಿನಿಂದ ಬುದ್ಧಿ ಕೇಳಿಸಿಕೊಂಡೇ ಬಂದವನಿಗೆ ಮೊದಲ ಸಲ ಬುದ್ಧಿ ಹೇಳುವ ಅವಕಾಶ ಸಿಕ್ಕಿತ್ತು. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು ಶುರುಮಾಡಿದ. ಗಾಡಿ ಆರಿಸುವುದು ಹುಡುಗಾಟವಲ್ಲ. ಹೊರಗಿನಿಂದ ಎಲ್ಲ ಒಂದೇ ಥರ ಕಾಣುತ್ತವೆ, ಒಳಗಿನ ಗುಣ ನೋಡಬೇಕು. ನಾಲ್ಕು ಜನರನ್ನು ಕೇಳಬೇಕು.

"ತಪ್ಪು ತಿಳ್ಕೋಬೇಡಿ," ಅಂದ. "ಇಂಥ ಹಾಳು ಗಾಡಿ ನಂಬ್ಕೊಂಡು ಮಕ್ಕಳನ್ನ ಕರ್ಕೊಂಡು ಬರಬಾರದಿತ್ತು ನೀವು. ನನ್ನದರಲ್ಲಿ ಮೂರು ಸೀಟ್ ಖಾಲಿ ಇದೆ, ಹುಡುಗೀರನ್ನ ಹತ್ತಿಸಿ. ನೀವು ಮಾತ್ರ ಇಲ್ಲೇ ಇರಬೇಕಾಗುತ್ತೆ. ಗಾಡಿ ಯಾರದೋ ಅವರು ಅದರ ಜೊತೇನೇ ಇರಬೇಕು."

ಗಾಸ್ಟನ್ ತಲೆ ತಗ್ಗಿಸಿ ಹೌದು ಹೌದು ಅಂದ. ಅವನ ಕಣ್ಣು ಮಾತ್ರ ಆ ಫ್ಲಾಸ್ಕಿನ ಮೇಲೇ ಇತ್ತು. ಹುಡುಗಿಯರನ್ನು ಹತ್ತಿಸಲು ಹೋದವನು ಹಿಂದಿನ ಬಾಗಿಲು ಎತ್ತಿದ. ಡನ್‌ಬ್ರೇ ಹುಡುಗಿಯರ ಬ್ಯಾಗುಗಳನ್ನು ಪಕ್ಕಕ್ಕಿಟ್ಟ, ಕಂಬಳಿ ಸರಿಸಿದ. ಕೆಳಗೆ ಮೂರು ನೀಲಿ ಬ್ಯಾಗು. ಒಂದೊಂದರ ಮೇಲೂ ಸೇಂಟ್ ಎಮೀಲ್ ಅಂತ ದಪ್ಪಕ್ಷರದಲ್ಲಿ ಬರೆದಿತ್ತು.

ಗಾಸ್ಟನ್ ಮೂರನ್ನೂ ಮುಟ್ಟಿ ಎಣಿಸಿದ. ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದ, "ಇದು ನನ್ನ ಗಾಡಿ. ಹಾಗಾದ್ರೆ ಆ ಹಾಳು ಗಾಡಿ ಯಾರದು ಸ್ವಾಮಿ?"

ಒಳಗಿನಿಂದ ಟೆಸ್ಸಾ ಅಪ್ಪನ ಮುಖ ನೋಡಿದಳು. ಓರೆಸ್ಟ್ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಗಿಮಾಡಿದ. ಡ್ವೇನ್‌ಗೆ ಕೊಟ್ಟ ಮಾತು ನೆನಪಾಯಿತು. ಆ ಹಾಳು ಗಾಡಿ ಬೇರೆ ಯಾರದೂ ಅಲ್ಲ.

ಜಗಳವೇನೂ ಆಗಲಿಲ್ಲ, ಗಾಸ್ಟನ್ ಒಳ್ಳೆಯ ಮನುಷ್ಯ. ಇಂಥದ್ದು ಚಳಿಗಾಲಕ್ಕೆ ಒಂದೆರಡು ಸಲ ಆಗುತ್ತೆ ಬಿಡಿ ಅಂದ. ಕಂಬಳಿ ಕೊಟ್ಟ, ಡಬ್ಬಿಯೊಳಗೆ ಹಚ್ಚಿಡುವ ಮೇಣದ ಬತ್ತಿ ಕೊಟ್ಟ, ಫ್ಲಾಸ್ಕು ಹೇಗೂ ನಿಮ್ಮ ಕೈಯಲ್ಲೇ ಇದೆ ಇಟ್ಟುಕೊಳ್ಳಿ ಅಂದ. ಏಳು ಹುಡುಗಿಯರನ್ನೂ ತುಂಬಿಕೊಂಡು ಹೊರಟ. ಎಂಟು ಸೀಟೂ ಭರ್ತಿ. ಟೆಸ್ಸಾ ಹಿಂತಿರುಗಿ ನೋಡಿದಳೋ ಇಲ್ಲವೋ ಓರೆಸ್ಟ್‌ಗೆ ತಿಳಿಯಲಿಲ್ಲ, ಗಾಜಿಗೆ ಮಂಜು ಹಿಡಿದಿತ್ತು.

ಅವನು ತನ್ನ ಗಾಡಿಯಲ್ಲಿ, ಕರು ಮಲಗಿದ್ದ ಸೀಟು ಬಿಟ್ಟು ಮುಂದೆ ಕೂತು, ಮೇಣದ ಬತ್ತಿಗೆ ಕೈ ಹಿಡಿದ. ಫೈನಲ್ ನೋಡಲು ಹೊರಟಿದ್ದ ಲಾಯ್ಡ್, ಪೆನ್ನರ್, ಸ್ಟೆಫಾ ಅಮ್ಮ ಪಿಕಪ್ಪಿನಲ್ಲಿ ಬಂದು ಸಿಕ್ಕಿದರು. ಲಾಯ್ಡ್ ಹತ್ತಿರ ಒಂದು ಡಬ್ಬ ಪೆಟ್ರೋಲ್ ಇತ್ತು. ಹಾಕಿದರು, ಬ್ಯಾಟರಿಗೆ ತಂತಿ ಕೊಟ್ಟರು, ಗಾಡಿ ಒಂದೇ ಸಲಕ್ಕೆ ಹೊತ್ತಿಕೊಂಡಿತು. ಅದರಲ್ಲಿ ದೋಷ ಅಂತ ಏನೂ ಇರಲೇ ಇಲ್ಲ. ಪೆಟ್ರೋಲ್ ಹಾಕಿಸದೆ ಹೆದ್ದಾರಿಗೆ ಬರಬಾರದು ಕಣಯ್ಯಾ, ಅಷ್ಟೂ ತಿಳಿಯಲ್ವಾ ಅಂತ ಮೂವರೂ ಸರದಿಯ ಮೇಲೆ ಹೇಳಿದರು.

ವೆಸ್ಟ್‌ಬ್ರೂಕ್ ಮುಟ್ಟುವ ಹೊತ್ತಿಗೆ ಆಟ ಮುಗಿದಿತ್ತು. ಡನ್‌ಬ್ರೇ ಹುಡುಗಿಯರು ಗೆದ್ದಿದ್ದರು, ಕೊನೆಯ ಕಲ್ಲು ಟೆಸ್ಸಾಳದೇ ಅಂತ ಬಾಗಿಲಲ್ಲೇ ಯಾರೋ ಹೇಳಿದರು. ಓರೆಸ್ಟ್‌ನ ದುಃಖವೆಲ್ಲ ಹಾರಿಹೋಯಿತು. ಟ್ಯಾಂಕು ತುಂಬಿಸಿದ. ಹಿಮ ತಗೊಂಡು ಸೀಟು ಉಜ್ಜಿದ. ಹೀಟರು ಹಾಕಿ ಬಾಗಿಲ ಹತ್ತಿರ, ಗಾಸ್ಟನ್ ಗಾಡಿಯ ಪಕ್ಕದಲ್ಲೇ ತಂದು ನಿಲ್ಲಿಸಿ, ಮುಂದಿನ ಸೀಟಿನ ಗುಂಡಿ ಒತ್ತಿ ನೋಡಿದ. ಇದೂ ಬಿಸಿಯಾಗುತ್ತಿತ್ತು.

ಹುಡುಗಿಯರು ನಗುತ್ತಾ ಹೊರಗೆ ಬಂದರು. ಟೆಸ್ಸಾ ಕೈಯಲ್ಲಿ ಗೆದ್ದ ಕಪ್ಪು. ನೇರ ಬಂದವಳೇ ಪಕ್ಕದ ಗಾಡಿಯ ಬಾಗಿಲು ತೆಗೆದು ಮುಂದೆ ಕೂತು, ಬೆಲ್ಟು ಹಾಕಿಕೊಂಡಳು. ಉಳಿದವರೂ ಅವಳ ಹಿಂದೆಯೇ ಹತ್ತಿದರು. ಓರೆಸ್ಟ್‌ಗೆ ನಗು ಬಂತು. ಅಪ್ಪನ ಮಗಳೇ ಸರಿ ಅಂದುಕೊಂಡು ಇಳಿದು ಹೋಗಿ ಗಾಜು ತಟ್ಟಿದ.

"ಟೆಸ್ಸಾ, ಇದು ಗಾಸ್ಟನ್ ಅವರ ಗಾಡಿ ಕಣಮ್ಮಾ. ನಮ್ಮದು ಆ ಕಡೇದು."

ಟೆಸ್ಸಾ ಗಾಜನ್ನು ಎರಡು ಬೆರಳಿನಷ್ಟು ಇಳಿಸಿದಳು.

"ಗೊತ್ತಪ್ಪಾ," ಅಂದಳು, ಬೂಟು ಬಿಚ್ಚುತ್ತಾ.